ಅರ್ಥ ಆಯ್ತಾ? ಆಯ್ತು ಸಾರ್!

ಒಂಬತ್ತನೇ ಕ್ಲಾಸಿಗೆ ಬಲದ ಪಾಠ ಮುಗಿಸಿ, ಕೈಗೆ ಹತ್ತಿದ ಸೀಮೆಸುಣ್ಣದ ಪುಡಿ ಕೊಡವಿಕೊಳ್ಳುತ್ತಾ "ಅರ್ಥ ಆಯ್ತಾ?" ಅಂತ ಕೇಳಿ ನೋಡಿ. ಇಡೀ ಕ್ಲಾಸು ಒಂದೇ ರಾಗದಲ್ಲಿ "ಆಯ್ತು ಸಾರ್" ಅನ್ನುತ್ತದೆ. ಈ ರಾಗ ಒಂದನೇ ಕ್ಲಾಸಿನಿಂದಲೇ ರೂಢಿಯಾಗಿರುತ್ತದೆ. ಆಗಿಲ್ಲ ಅಂದವನನ್ನು ಮೇಷ್ಟ್ರು ಎದ್ದು ನಿಲ್ಲಿಸಿ "ಎಲ್ಲಿ ಅರ್ಥ ಆಗ್ಲಿಲ್ಲ ಹೇಳು" ಅಂತಾರೆ. ಎಲ್ಲಿ ಅಂತ ಗೊತ್ತಿದ್ದರೆ ಅರ್ಧ ಅರ್ಥ ಆದ ಹಾಗೇ ಅಲ್ವಾ? ಅದಕ್ಕೇ ಯಾರೂ ಬಾಯಿ ಬಿಡುವುದಿಲ್ಲ. ನಾನೂ ಎಷ್ಟೋ ವರ್ಷ ಆ "ಆಯ್ತು ಸಾರ್" ನಂಬಿಕೊಂಡು ಮುಂದಿನ ಪಾಠಕ್ಕೆ ಹೋಗಿದ್ದೇನೆ.

ಒಂದು ದಿನ ಸುಮ್ನೆ ಪರೀಕ್ಷೆ ಮಾಡೋಣ ಅಂತ ಸೀಮೆಸುಣ್ಣದ ತುಂಡೊಂದನ್ನು ನೆಟ್ಟಗೆ ಮೇಲಕ್ಕೆ ಎಸೆದು ಹಿಡಿದೆ. ಪ್ರಶ್ನೆ ಇಷ್ಟೇ. ಈ ತುಂಡು ಅತಿ ಎತ್ತರದಲ್ಲಿ ಒಂದು ಕ್ಷಣ ನಿಂತ ಹಾಗೆ ಕಾಣುತ್ತದಲ್ಲ, ಆಗ ಅದರ ಮೇಲೆ ಯಾವ ಬಲ ಇರುತ್ತದೆ? ಗಾಳಿಯ ಮಾತು ಬಿಡಿ. ಎ, ಮೇಲ್ಮುಖ ಬಲ. ಬಿ, ಯಾವ ಬಲವೂ ಇಲ್ಲ. ಸಿ, ಕೆಳಮುಖ ಬಲ ಮಾತ್ರ. ಡಿ, ಮೇಲಕ್ಕೂ ಕೆಳಕ್ಕೂ ಸಮ ಬಲ.

ಕೈ ಎತ್ತಿಸಲಿಲ್ಲ. ಕೈ ಎತ್ತಿಸಿದರೆ ಎಲ್ಲರೂ ಮೊದಲ ಬೆಂಚಿನ ಜಾಣೆಯ ಕೈ ನೋಡಿಕೊಂಡು ಎತ್ತುತ್ತಾರೆ. ಅದರ ಬದಲು ಒಬ್ಬೊಬ್ಬರಿಗೆ ಒಂದೊಂದು ರಟ್ಟಿನ ಕಾರ್ಡು ಕೊಟ್ಟಿದ್ದೆ. ಪ್ಲಿಕರ್ಸ್ ಅನ್ನುವ ಆ್ಯಪ್‌ನ ಕಾರ್ಡುಗಳು ಇವು. ಜಾಲತಾಣದಿಂದ ಇಳಿಸಿಕೊಂಡು, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ರಟ್ಟಿಗೆ ಅಂಟಿಸಿದರೆ ಆಯಿತು. 40 ಕಾರ್ಡುಗಳ ಸೆಟ್ಟು ಸಿಗುತ್ತದೆ. ಒಂದೊಂದರ ಮೇಲೂ ಕ್ಯೂಆರ್ ಕೋಡಿನ ಅಣ್ಣತಮ್ಮನಂಥ ಒಂದು ಕಪ್ಪು ಚಿತ್ರ, ಒಂದರ ಹಾಗೆ ಇನ್ನೊಂದಿಲ್ಲ. ನಾಲ್ಕು ಬದಿಯಲ್ಲಿ ಎ, ಬಿ, ಸಿ, ಡಿ ಅಂತ ಸಣ್ಣ ಅಕ್ಷರ. ಯಾವ ಅಕ್ಷರ ಮೇಲೆ ಬರುವಂತೆ ಹಿಡಿಯುತ್ತಾರೋ ಅದೇ ಅವರ ಉತ್ತರ. ಮೇಷ್ಟ್ರು ಫೋನಿನ ಕ್ಯಾಮೆರಾವನ್ನು ಕ್ಲಾಸಿನ ಮೇಲೆ ನಿಧಾನಕ್ಕೆ ಆಡಿಸಿದರೆ, ಚಿತ್ರದ ಆಕಾರದಿಂದ ಇದು ಯಾರ ಕಾರ್ಡು ಅಂತಲೂ, ಅದು ತಿರುಗಿರುವ ದಿಕ್ಕಿನಿಂದ ಉತ್ತರ ಏನು ಅಂತಲೂ ಆ್ಯಪ್ ಓದಿಕೊಳ್ಳುತ್ತದೆ. ಪಕ್ಕದವನಿಗೆ ಕಾಣುವುದು ಬರೀ ಕಪ್ಪು ಚೌಕಗಳು. ಮಕ್ಕಳ ಹತ್ತಿರ ಫೋನು ಬೇಡ, ಟ್ಯಾಬ್ ಬೇಡ, ಕರೆಂಟು ಹೋದರೂ ತೊಂದರೆ ಇಲ್ಲ. ತರಗತಿಗೆ ಬಂದ ತಂತ್ರಜ್ಞಾನದಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ, ಯಾಕೆಂದರೆ ಇದರ ಮುಕ್ಕಾಲು ಭಾಗ ರಟ್ಟು.

ಫೋನಿನಲ್ಲಿ ಕಂಡದ್ದನ್ನು ನೋಡಿ ಮುಖ ಸಪ್ಪಗಾಯಿತು. ಸರಿಯುತ್ತರ ಸಿ, ಭೂಮಿ ಕೆಳಗೆ ಎಳೆಯುವ ಬಲ ಮಾತ್ರ. ಅರ್ಧಕ್ಕಿಂತ ಜಾಸ್ತಿ ಜನ ಬೇರೆ ಏನೋ ಹಿಡಿದಿದ್ದರು. ಅದರಲ್ಲಿ ಎಫ್ = ಎಂಎ ಸೂತ್ರಕ್ಕೆ ಬೆಲೆಗಳನ್ನು ಹಾಕಿ ಲೆಕ್ಕ ಬಿಡಿಸಿ ಪೂರ್ತಿ ಮಾರ್ಕ್ಸ್ ತೆಗೆಯುವವರೂ ಇದ್ದರು.

ಆದರೆ ಸ್ವಲ್ಪ ಹೊತ್ತು ನೋಡುತ್ತಾ ಕೂತರೆ ತಪ್ಪುಗಳೇ ಮಾತಾಡತೊಡಗುತ್ತವೆ. ಎ ಹಿಡಿದವನು, ಕೈ ಕೊಟ್ಟ ಬಲ ಸೀಮೆಸುಣ್ಣದ ಒಳಗೆ ಸೇರಿಕೊಂಡು ಜೊತೆಗೇ ಹೋಗುತ್ತಿದೆ ಅಂದುಕೊಂಡಿದ್ದಾನೆ. ಯುರೋಪಿನ ಪಂಡಿತರೂ ನೂರಾರು ವರ್ಷ ಹೆಚ್ಚುಕಡಿಮೆ ಹೀಗೇ ಯೋಚಿಸಿದ್ದರು, ಹುಡುಗನದು ತೀರಾ ದಡ್ಡತನ ಅಲ್ಲ. ಬಿ ಹಿಡಿದವಳು ವೇಗ ಸೊನ್ನೆ ಆದರೆ ಬಲವೂ ಸೊನ್ನೆ ಅಂತ ಕಲಸಿಕೊಂಡಿದ್ದಾಳೆ. ಡಿ ಹಿಡಿದವನಿಗೆ ನಿಂತ ವಸ್ತುವಿನ ಮೇಲೆ ಬಲಗಳು ಸಮ ಇರಬೇಕು ಅನ್ನುವುದು ನೆನಪಿದೆ, ಆದರೆ 'ನಿಂತೇ ಇರುವುದು' ಬೇರೆ, 'ಒಂದು ಕ್ಷಣ ನಿಂತ ಹಾಗಿರುವುದು' ಬೇರೆ ಅಂತ ಹೊಳೆದಿಲ್ಲ. ಮೂರು ತಪ್ಪು, ಮೂರು ಬೇರೆ ಬೇರೆ ಕಾಯಿಲೆ. ಉತ್ತರಪತ್ರಿಕೆಯಲ್ಲಾದರೆ ಮೂವರಿಗೂ ಒಂದೇ ಕೆಂಪು ಸೊನ್ನೆ ಬೀಳುತ್ತಿತ್ತು.

ಈ ಸಪ್ಪೆ ಮುಖ ನನ್ನೊಬ್ಬನದೇ ಅಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1984ರಿಂದ ಭೌತಶಾಸ್ತ್ರ ಹೇಳುತ್ತಿದ್ದ ಎರಿಕ್ ಮಜೂರ್ ಅವರಿಗೂ ಇದೇ ಆಯಿತು. ಸೂತ್ರ ಬರುವ ವಿದ್ಯಾರ್ಥಿಗಳಿಗೆ ಸರಳ ಪರಿಕಲ್ಪನೆಯೇ ಗೊತ್ತಿರುವುದಿಲ್ಲ ಅಂತ ಅಮೆರಿಕದಲ್ಲಿ ಸಂಶೋಧನೆ ಮಾಡುತ್ತಿದ್ದ ಹಲೌನ್ ಮತ್ತು ಹೆಸ್ಟೆನೆಸ್ 1985ರಲ್ಲಿ ಬರೆದಿದ್ದನ್ನು ಮಜೂರ್ 1990ರಲ್ಲಿ ಓದಿದರು. ನಮ್ಮ ಹುಡುಗರು ಹಾಗಿಲ್ಲ ಬಿಡಿ ಅಂದುಕೊಂಡು ಅದೇ ಪ್ರಶ್ನೆಗಳನ್ನು ತಮ್ಮ ಕ್ಲಾಸಿಗೆ ಕೊಟ್ಟರು. ಆಗ ಒಬ್ಬ ವಿದ್ಯಾರ್ಥಿನಿ, ಇದಕ್ಕೆ ನೀವು ಹೇಳಿಕೊಟ್ಟ ಹಾಗೆ ಉತ್ತರಿಸಬೇಕಾ, ಇಲ್ಲಾ ನಾನು ಅಂದುಕೊಂಡಿರುವ ಹಾಗಾ ಅಂತ ಕೇಳಿದಳಂತೆ. ಆ ಪ್ರಶ್ನೆ ಓದಿದಾಗೆಲ್ಲ ನನಗೆ ಒಂಥರಾ ಆಗುತ್ತದೆ.

ಮಜೂರ್ ಕಂಡುಕೊಂಡ ದಾರಿ ಸುಲಭದ್ದು. ಪ್ರಶ್ನೆ ಹಾಕು. ಒಬ್ಬೊಬ್ಬರೇ ಯೋಚಿಸಿ ಉತ್ತರ ಹಿಡಿಯಲಿ. ಸರಿಯುತ್ತರ ತೀರಾ ಕಡಿಮೆ ಇದ್ದರೆ ಪಾಠವನ್ನೇ ಮತ್ತೆ ಹೇಳು, ತುಂಬಾ ಜಾಸ್ತಿ ಇದ್ದರೆ ಮುಂದೆ ಹೋಗು. ಸುಮಾರು ಶೇ 30ರಿಂದ 70ರ ನಡುವೆ ಇದ್ದರೆ ಮೇಷ್ಟ್ರು ಬಾಯಿ ಮುಚ್ಚಿಕೊಂಡಿರಬೇಕು. ಬೇರೆ ಉತ್ತರ ಹಿಡಿದ ಪಕ್ಕದವರ ಜೊತೆ ಮಕ್ಕಳೇ ವಾದ ಮಾಡಲಿ, ಆಮೇಲೆ ಇನ್ನೊಂದು ಸಲ ಉತ್ತರ ಹಿಡಿಯಲಿ. ಈಗಷ್ಟೇ ಕಲಿತವನಿಗೆ ತಾನು ಎಲ್ಲಿ ಎಡವಿದ್ದೆ ಅನ್ನುವುದು ಇನ್ನೂ ನೆನಪಿರುತ್ತದೆ, ಇಪ್ಪತ್ತು ವರ್ಷ ಪಾಠ ಮಾಡಿದ ನಮಗೆ ಅದು ಮರೆತೇ ಹೋಗಿರುತ್ತದೆ.

ಜಾಣನ ಉತ್ತರವನ್ನು ಉಳಿದವರು ಕಾಪಿ ಹೊಡೆಯುತ್ತಾರೆ ಅಷ್ಟೇ ಅಲ್ವಾ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದವರು ತಳಿಶಾಸ್ತ್ರದ ಕ್ಲಾಸಿನಲ್ಲಿ ಇದನ್ನೇ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಚರ್ಚೆ ಆದ ಮೇಲೆ, ಸರಿಯುತ್ತರ ಹೇಳದೆ, ಅದೇ ತತ್ವದ ಬೇರೆ ಪ್ರಶ್ನೆ ಕೊಟ್ಟು ಒಬ್ಬೊಬ್ಬರೇ ಉತ್ತರಿಸಿ ಅಂದರು. ಆಗಲೂ ಉತ್ತರ ಸುಧಾರಿಸಿತ್ತು, ಗುಂಪಿನಲ್ಲಿ ಮೊದಲು ಯಾರಿಗೂ ಗೊತ್ತಿರಲಿಲ್ಲ ಅನ್ನುವಂಥ ಕಡೆಯೂ. ಪಕ್ಕದವರಿಂದ ಕಲಿಯುವುದು ನಮಗೇನು ಹೊಸದಲ್ಲ ಬಿಡಿ. 1789ರಿಂದ ಮದರಾಸಿನಲ್ಲಿ ಅನಾಥ ಹುಡುಗರ ಶಾಲೆ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್, ಇಲ್ಲಿನ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಬರೆಯುವುದನ್ನು ನೋಡಿ ಅದನ್ನು ತಮ್ಮ ಶಾಲೆಗೆ ತಂದು, ಮಕ್ಕಳಿಂದಲೇ ಮಕ್ಕಳಿಗೆ ಕಲಿಸಿ, ಅದೆಲ್ಲವನ್ನೂ 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಮಾಡಿದರು. ಅಲ್ಲಿ ಅದು 'ಮದರಾಸ್ ಪದ್ಧತಿ' ಅಂತಲೇ ಹೆಸರಾಯಿತು.

ಇನ್ನು ನಮ್ಮ ಎಫ್‌ಎ, ಎಸ್‌ಎ. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ (ಎಫ್‌ಎ), ಎರಡು ಸಂಕಲನಾತ್ಮಕ ಮೌಲ್ಯಮಾಪನ (ಎಸ್‌ಎ). ಹೆಸರು ಬಾಯಿಗೆ ಕಷ್ಟ, ಅರ್ಥ ಸುಲಭ. ಕಣದಲ್ಲಿ ರಾಶಿ ಅಳೆಯುವುದು ಎಸ್‌ಎ. ಪೈರು ಇನ್ನೂ ನಿಂತಿರುವಾಗ ಹೊಲ ಸುತ್ತಿ ಎಲ್ಲಿ ಹುಳ ಬಿದ್ದಿದೆ ಅಂತ ನೋಡುವುದು ಎಫ್‌ಎ. ಆದರೆ ನಡೆಯುವುದೇನು? ಎಫ್‌ಎಗೂ ಮಾರ್ಕ್ಸ್, ಅದರ ಎಂಟ್ರಿ, ಎಂಟ್ರಿಗೊಂದು ಕೊನೆಯ ದಿನ. ಮಕ್ಕಳ ಕಡೆಯಿಂದ ಪ್ರಾಜೆಕ್ಟ್ ಅಂದರೆ ಅಪ್ಪ ಕೊಯ್ದ ಥರ್ಮಾಕೋಲು, ಅಮ್ಮ ಬರೆದ ಹೆಡ್ಡಿಂಗು, ಅಂಗಡಿಯವನು ಇಳಿಸಿ ಕೊಟ್ಟ ನಾಲ್ಕು ಹಾಳೆ. ಈಗಂತೂ ಎಐ ಕೇಳಿದರೆ ಪೂರ್ತಿ ಬರೆದೇ ಕೊಡುತ್ತದೆ. ಅದಕ್ಕೆ ನಾನು ಮಾಡುವುದು ಇಷ್ಟೇ. ಪ್ರಾಜೆಕ್ಟ್ ತಂದ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಎರಡು ಪ್ರಶ್ನೆ ಕೇಳುತ್ತೇನೆ. ಜ್ವಾಲಾಮುಖಿಯ ಮಾದರಿಗೆ ಅಡುಗೆ ಸೋಡಾ ಯಾಕೆ ಹಾಕಿದೆ? ಅದಿಲ್ಲದಿದ್ದರೆ ಇನ್ನೇನು ಹಾಕಬಹುದಿತ್ತು? ಎರಡು ನಿಮಿಷ ಸಾಕು, ಹಾಳೆ ಯಾರದು ತಲೆ ಯಾರದು ಅಂತ ಗೊತ್ತಾಗಿಬಿಡುತ್ತದೆ. ಬರವಣಿಗೆಯಲ್ಲಿ ಹಿಂದಿರುವ ಎಷ್ಟೋ ಮಕ್ಕಳು ಇಲ್ಲಿ ಅರಳುವುದನ್ನೂ ನೋಡಿದ್ದೇನೆ.

ಮಾರ್ಕ್ಸಿನ ಬಗ್ಗೆ ಒಂದು ಮಾತು. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಎಲ್ಲಿ ಹೇಗೆ ಸರಿಮಾಡಬೇಕು ಅನ್ನುವ ಟಿಪ್ಪಣಿ ಮಾತ್ರ, ಇನ್ನು ಕೆಲವರಿಗೆ ಎರಡೂ ಕೊಟ್ಟರು. ಮುಂದಿನ ಕೆಲಸದಲ್ಲಿ ಮೇಲೆ ಬಂದವರು ಟಿಪ್ಪಣಿ ಮಾತ್ರ ಸಿಕ್ಕವರು. ಎರಡೂ ಸಿಕ್ಕವರ ಕಥೆ ಹೆಚ್ಚುಕಡಿಮೆ ಅಂಕ ಮಾತ್ರ ಸಿಕ್ಕವರ ಹಾಗೇ ಆಯಿತು. ಪೇಪರು ಕೊಟ್ಟ ತಕ್ಷಣ ಮಕ್ಕಳು ಏನು ನೋಡುತ್ತಾರೆ ಹೇಳಿ? ಮೊದಲು ತನ್ನದೆಷ್ಟು, ಆಮೇಲೆ ಪಕ್ಕದವನದೆಷ್ಟು. ನಾವು ಕೂತು ಬರೆದ ಟಿಪ್ಪಣಿಯನ್ನು ಆ ನಂಬರು ನುಂಗಿ ಹಾಕಿರುತ್ತದೆ.

ಹಾಗಂತ ಟೆಸ್ಟೇ ಬೇಡ ಅನ್ನುವವರ ಪಕ್ಷ ನನ್ನದಲ್ಲ. ಟೆಸ್ಟ್ ಜಾಸ್ತಿ ಬೇಕು, ಮಾರ್ಕ್ಸ್ ಕಡಿಮೆ ಬೇಕು. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಸೂರ್ಯನ ಬಗ್ಗೆ, ಕಡಲ ನೀರುನಾಯಿಯ ಬಗ್ಗೆ ಚಿಕ್ಕ ಬರಹಗಳು. ಒಂದನ್ನು ಎರಡು ಸಲ ಓದುವುದು. ಇನ್ನೊಂದನ್ನು ಒಂದೇ ಸಲ ಓದಿ, ಆಮೇಲೆ ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರೆಯುವುದು. ಐದು ನಿಮಿಷದ ಮೇಲೆ ಕೇಳಿದರೆ ಎರಡು ಸಲ ಓದಿದ್ದೇ ಮುಂದಿತ್ತು, ಶೇ 81ಕ್ಕೆ 75. ವಾರ ಬಿಟ್ಟು ಕೇಳಿದರೆ ತಿರುವುಮುರುವು. ಎರಡು ಸಲ ಓದಿದ್ದರಲ್ಲಿ ಶೇ 42 ಉಳಿದಿತ್ತು, ಓದಿ ಬರೆದದ್ದರಲ್ಲಿ ಶೇ 56. ತಲೆಯಿಂದ ಹೊರಗೆ ಎಳೆದು ತೆಗೆಯುವ ಕೆಲಸವೇ ನೆನಪನ್ನು ಗಟ್ಟಿ ಮಾಡುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಮೂರು ಸಲ ತಿರುವಿ ಹಾಕಿದವನಿಗೆ ಎಲ್ಲಾ ಬಂದ ಹಾಗೆ ಅನ್ನಿಸುವುದು, ವಾರದಲ್ಲಿ ಮಾಯ ಆಗುವುದು, ಎರಡೂ ಇದರಲ್ಲೇ ಇದೆ.

ಇದಕ್ಕೆ ಬೇಕಾದ ಉಪಕರಣ ರಫ್ ನೋಟಿನ ಕೊನೇ ಹಾಳೆ. ಪಿರಿಯಡ್ಡಿನ ಮೊದಲ ಐದು ನಿಮಿಷ, ನಿನ್ನೆಯ ಪಾಠ ಪುಸ್ತಕ ಮುಚ್ಚಿ ಬರೆ, ಆಮೇಲೆ ಪುಸ್ತಕ ತೆಗೆದು ನೀನೇ ತಿದ್ದಿಕೋ. ಮಾರ್ಕ್ಸ್ ಇಲ್ಲ, ಎಂಟ್ರಿ ಇಲ್ಲ. ಹಿಂದೆಲ್ಲ ಬಾಯಿಲೆಕ್ಕ ಹೇಳಿ "ಸ್ಲೇಟು ಎತ್ತಿ" ಅನ್ನುತ್ತಿದ್ದರಲ್ಲ, ಅದೂ ಇದೇ ಜಾತಿಯದು. ಒಂದೇ ನೋಟಕ್ಕೆ ಎಲ್ಲರ ಉತ್ತರ ಕಾಣುತ್ತಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಚಿಕ್ಕ ಕ್ಲಾಸಿನ ಮಕ್ಕಳ ನಲಿ-ಕಲಿ ಪದ್ಧತಿಯಲ್ಲೂ ಪರೀಕ್ಷೆಯ ದಿನ ಅಂತ ಬೇರೆ ಇರಲಿಲ್ಲ. ಕಲಿಕಾ ಏಣಿಯ ಮೆಟ್ಟಿಲಲ್ಲೇ ಮೌಲ್ಯಮಾಪನದ ಕಾರ್ಡೂ ಬರುತ್ತಿತ್ತು, ಮಗು ತನ್ನ ವೇಗದಲ್ಲಿ ಏರುತ್ತಿತ್ತು.

ವೇಗ ಅಂದಾಗ ನೆನಪಾಯಿತು. ಕಹೂಟ್ ಥರದ ಕ್ವಿಜ್ ಆ್ಯಪ್‌ಗಳು ಮಕ್ಕಳಿಗೆ ಬಹಳ ಇಷ್ಟ, ಕ್ಲಾಸು ಜಾತ್ರೆ ಆಗುತ್ತದೆ. ಆದರೆ ಸಾಮಾನ್ಯವಾಗಿ ಅದರಲ್ಲಿ ಬೇಗ ಒತ್ತಿದವರಿಗೆ ಜಾಸ್ತಿ ಅಂಕ. ನಿಧಾನಕ್ಕೆ ಯೋಚಿಸುವ ಹುಡುಗಿ ಮೂರನೇ ಪ್ರಶ್ನೆಗೇ ಕೈಚೆಲ್ಲುತ್ತಾಳೆ. ತಿಂಗಳಿಗೊಂದು ಸಲ ಮಜಾ ಮಾಡಲಿಕ್ಕೆ ಇರಲಿ.

ಸೀಮೆಸುಣ್ಣದ ವಿಷಯಕ್ಕೆ ಬರುತ್ತೇನೆ. ಅವತ್ತು ವಾದ ಶುರುವಾಯಿತು, ಗಲಾಟೆ ಕೇಳಿ ಪಕ್ಕದ ಕ್ಲಾಸಿನ ಮೇಡಂ ಬಾಗಿಲಿಗೆ ಬಂದು ನೋಡಿಹೋದರು. ಕೊನೇ ಬೆಂಚಿನ ಹುಡುಗಿಯೊಬ್ಬಳು "ಬಲ ಇಲ್ಲ ಅಂದ್ರೆ ಅದು ತ್ರಿಶಂಕು ಥರ ಅಲ್ಲೇ ನಿಲ್ಬೇಕಿತ್ತಲ್ವೇನೇ, ಕೆಳಗ್ಯಾಕೆ ಬೀಳ್ತು?" ಅಂದಳು. ಒಂದೇ ಏಟಿಗೆ ಬಿ ಮತ್ತು ಡಿ ಎರಡೂ ಬಿದ್ದವು. ನನ್ನ ಇಷ್ಟು ವರ್ಷದ ಪಾಠದಲ್ಲಿ ತ್ರಿಶಂಕು ಬಂದಿರಲಿಲ್ಲ.

ಮೂರು ವಾರ ಬಿಟ್ಟು ಅದನ್ನೇ ವೇಷ ಬದಲಿಸಿ ಕೇಳಿದೆ. ಮಾವಿನಕಾಯಿಗೆ ಎಸೆದ ಕಲ್ಲು ಗುರಿ ತಪ್ಪಿ ನೆಟ್ಟಗೆ ಮೇಲೆ ಹೋಯಿತು, ತುದಿಯಲ್ಲಿ ಯಾವ ಬಲ? ಈ ಸಲ ಸಿ ಜಾಸ್ತಿ ಇತ್ತು. ಒಂದು ಕಾರ್ಡನ್ನು ಮಾತ್ರ ಫೋನು ಎಷ್ಟು ಸಲ ಹಿಡಿದರೂ ಓದಲಿಲ್ಲ. ಹತ್ತಿರ ಹೋಗಿ ನೋಡಿದರೆ ಹುಡುಗ ಕಾರ್ಡನ್ನು ಮೂಲೆ ಮೇಲೆ ಬರುವಂತೆ ಓರೆಯಾಗಿ ಹಿಡಿದಿದ್ದಾನೆ, ಬಿ ಅಕ್ಷರಕ್ಕೂ ಸಿ ಅಕ್ಷರಕ್ಕೂ ಸರಿಯಾಗಿ ನಡುವೆ. ಏನಪ್ಪಾ ಇದು ಅಂದೆ.

"ಬಿ ಅನ್ಸತ್ತೆ ಸಾರ್, ಆದ್ರೆ ಸಿ ಇರ್ಬೇಕು."