ಗಿರಾಕಿ ಕಳಿಸಿದ್ದಕ್ಕೆ ಕಮಿಷನ್: ಎಷ್ಟು ಅನ್ನೋದಕ್ಕಿಂತ ಯಾವುದರ ಮೇಲೆ?

ರಾಯಚೂರಿನವರಿಗೆ ಕಮಿಷನ್ ಅಂದರೇನು ಅಂತ ಹೇಳಿಕೊಡಬೇಕಿಲ್ಲ. ಗಂಜ್‌ನಲ್ಲಿ, ಅಂದರೆ ಮಾರುಕಟ್ಟೆಯಲ್ಲಿ, ಹತ್ತಿ ಇಳಿಯುವಾಗಲೇ ಅಡತ್ (ದಲಾಲರ ಕಮಿಷನ್) ಲೆಕ್ಕ ನೋಡಿ ಬೆಳೆದವರು ನಾವು. ಆದರೆ ಎಸಿ, ಫ್ರಿಜ್ ರಿಪೇರಿಗೆ ಮನೆಮನೆಗೆ ಹೋಗುವ ನಮ್ಮಂಥವರು ಇದೇ ಲೆಕ್ಕವನ್ನು ಬಾಯಿಮಾತಲ್ಲಿ ಮುಗಿಸಿ ಆಮೇಲೆ ಜಗಳ ಆಡುತ್ತೇವೆ.

ಒಂದು ಉದಾಹರಣೆ ನನ್ನದೇ. ನಿಜಲಿಂಗಪ್ಪ ಕಾಲೋನಿಯ ಒಂದು ಮನೆ. ಎಸಿ ನೀರು ಹೋಗುವ ಪೈಪ್ ಕಟ್ಟಿಕೊಂಡು, ಗೋಡೆ ಒದ್ದೆಯಾಗಿ, ಬಣ್ಣ ಹಪ್ಪಳದ ಹಾಗೆ ಉಬ್ಬಿತ್ತು. ಪೈಪ್ ನಾನು ಸರಿ ಮಾಡಿದೆ. ‘ಪೇಂಟರ್ ಯಾರಾದರೂ ಇದ್ದರೆ ಹೇಳಪ್ಪಾ’ ಅಂದರು. ಹೇಳಿದೆ. ಪೇಂಟರ್ ಜೊತೆ ಮಾತು 10%. ಬಿಲ್ 12,000 ಆಯಿತು, ನನಗೆ 1,200 ಬಂತು. ಖುಷಿ!

ಈಗ ಬಿಲ್ ಬಿಡಿಸಿ ನೋಡಿ. ಅದರಲ್ಲಿ ಬಣ್ಣ, ಪುಟ್ಟಿ 7,000. ಕೂಲಿ 5,000 ಮಾತ್ರ. ಬಣ್ಣದ ದುಡ್ಡು ಅಂಗಡಿಗೆ ಹೋಗುತ್ತದೆ, ಹಾಗಾಗಿ 1,200 ಕೊಡಬೇಕಾದ್ದು ಕೂಲಿಯಿಂದಲೇ, ಅಂದರೆ ಅವನ ಸಂಪಾದನೆಯ 24%. ಯಾರು ಕೊಡುತ್ತಾರೆ ಹೇಳಿ? ಆತ ಸುಮ್ನೆ ಅದನ್ನು ಗಿರಾಕಿಯ ಬಿಲ್‌ಗೆ ಸೇರಿಸಿದ್ದ. ಮನೆಯವರು ಬೇರೆ ಕಡೆ ರೇಟ್ ಕೇಳಿದಾಗ ಗೊತ್ತಾಯಿತು, ಮುಂದಿನ ಸಲ ನನ್ನನ್ನು ಕರೆಯಲಿಲ್ಲ. ಎರಡು ಎಸಿ, ವರ್ಷಕ್ಕೆ ಮೂರು ಸಲ ಸರ್ವಿಸ್, ಒಂದಕ್ಕೆ 600. ಒಂದು ಸಲದ 1,200ಕ್ಕೆ ವರ್ಷದ 3,600 ಹೋಯಿತು.

ಆಮೇಲಿಂದ ಕೂಲಿಯ ಮೇಲೆ ಮಾತ್ರ 10% ಅಂತ ಮಾತಾಡುತ್ತೇನೆ. ಇದೇ ಬಿಲ್‌ಗೆ 500. ಕಮ್ಮಿ ಅನಿಸಬಹುದು, ಆದರೆ ಯಾರೂ ಬಚ್ಚಿಡಬೇಕಿಲ್ಲ. ‘ಪೇಂಟರ್ ನನಗೆ ಸ್ವಲ್ಪ ಕೊಡುತ್ತಾನೆ’ ಅಂತ ಗಿರಾಕಿಗೂ ಮೊದಲೇ ಹೇಳಿಬಿಡುತ್ತೇನೆ. ಬೇಜಾರಾದವರು ಇನ್ನೂ ಸಿಕ್ಕಿಲ್ಲ.

ಗಿರಾಕಿಯ ನಂಬರನ್ನು ಕೇಳದೆ ಯಾರಿಗೂ ಕೊಡಬೇಡಿ, ಪೇಂಟರ್ ನಂಬರನ್ನು ಅವರಿಗೆ ಕೊಡಿ. ಕೊಟ್ಟ ತಕ್ಷಣ ಪೇಂಟರ್‌ಗೆ ವಾಟ್ಸಾಪ್‌ನಲ್ಲಿ ಒಂದು ಸಾಲು ಹಾಕಿ: ಯಾವ ಬಡಾವಣೆ, ಏನು ಕೆಲಸ. ದಿನಾಂಕ ತಾನಾಗಿಯೇ ಬೀಳುತ್ತದೆ. ಇಲ್ಲದಿದ್ದರೆ ‘ಅವರು ನನಗೆ ಮೊದಲೇ ಪರಿಚಯ’ ಅನ್ನೋ ಮಾತು ಬಂದೇ ಬರುತ್ತದೆ. ಕಮಿಷನ್ ಮೊದಲ ಕೆಲಸಕ್ಕೆ ಮಾತ್ರವಾ, ವರ್ಷದೊಳಗಿನ ಎಲ್ಲದಕ್ಕೂನಾ ಅನ್ನೋದೂ ಆಗಲೇ ತೀರ್ಮಾನ ಆಗಲಿ. ಗಿರಾಕಿ ದುಡ್ಡು ಕೊಟ್ಟ ಮೇಲೆಯೇ ನಿಮ್ಮದು ಕೇಳಿ.

ಟ್ಯಾಕ್ಸ್ ವಿಷಯ ಬೇಗ ಮುಗಿಸುತ್ತೇನೆ. ಕಮಿಷನ್ ಕೂಡ ಆದಾಯವೇ, ರಿಟರ್ನ್‌ನಲ್ಲಿ ತೋರಿಸಬೇಕು. ಪೇಂಟರ್ ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ಟ್ಯಾಕ್ಸ್) ಹಿಡಿಯುವುದಿಲ್ಲ, ಆದರೆ ದೊಡ್ಡ ಶೋರೂಮ್‌ಗೆ ಗಿರಾಕಿ ಕಳಿಸಿದರೆ ಅವರು ಹಿಡಿಯಬಹುದು. 2024ರ ಅಕ್ಟೋಬರ್ 1ರಿಂದ ಈ ದರ 5% ಇದ್ದದ್ದು 2% ಆಯಿತು, 2025ರ ಏಪ್ರಿಲ್‌ನಿಂದ ಕಮಿಷನ್ ವರ್ಷಕ್ಕೆ 20,000 ದಾಟಿದರೆ ಮಾತ್ರ ಹಿಡಿಯುತ್ತಾರೆ. ಪ್ಯಾನ್ ಕೊಡದಿದ್ದರೆ 20% ಹೋಗುತ್ತದೆ, ಹುಷಾರು.

ಇನ್ನೊಂದು. ಎಲ್ಲ ಕಡೆಯೂ ಇದು ನಡೆಯುವುದಿಲ್ಲ. ರೋಗಿಯನ್ನು ಕಳಿಸಿದ್ದಕ್ಕೆ ಡಾಕ್ಟರ್ ಕಮಿಷನ್ ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ವೈದ್ಯಕೀಯ ಮಂಡಳಿಯ 2002ರ ನಿಯಮಗಳು ತಡೆಯುತ್ತವೆ. ಹಾಗಾಗಿ ಎಸಿ ಹಾಕಲು ಕ್ಲಿನಿಕ್‌ಗೆ ಹೋದಾಗ ‘ಪೇಷಂಟ್ ಕಳಿಸುತ್ತೇನೆ ಸರ್, ನನಗೇನು?’ ಅಂತ ಮಾತ್ರ ಕೇಳಬೇಡಿ.