ಓದುಗರ ಪ್ರಶ್ನೆ: ‘ಸರ್ವಿಸ್’ ಅಂದರೆ ಬಸ್ಸೋ, ನೌಕರಿಯೋ, ರಿಪೇರಿಯೋ?

ಪ್ರಶ್ನೆ: ಉಡುಪಿಯಲ್ಲಿ ಸರ್ವಿಸ್ ಬಸ್ ಸ್ಟ್ಯಾಂಡ್ ಇದೆ. ಬೈಕನ್ನು ಸರ್ವಿಸ್‌ಗೆ ಬಿಡುತ್ತೇವೆ. ಮೇಷ್ಟ್ರಿಗೆ ಇನ್ನು ಎರಡು ವರ್ಷ ಸರ್ವಿಸ್ ಇದೆ ಅನ್ನುತ್ತೇವೆ. ಒಂದೇ ಪದಕ್ಕೆ ಇಷ್ಟು ಅರ್ಥ ಹೇಗೆ? ಮಕ್ಕಳಿಗೆ ಹೇಗೆ ಹೇಳಿಕೊಡುವುದು?

ಉತ್ತರ: ಲ್ಯಾಟಿನ್‌ನಲ್ಲಿ ‘ಸರ್ವುಸ್’ ಎಂದರೆ ಗುಲಾಮ. ಅದರಿಂದ ಹುಟ್ಟಿದ ಈ ಪದ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಬರುಬರುತ್ತಾ ಗುಲಾಮಗಿರಿ ಕಳಚಿತು, ‘ಇನ್ನೊಬ್ಬರಿಗಾಗಿ ಮಾಡುವ ಕೆಲಸ’ ಎಂಬ ಅರ್ಥ ಉಳಿಯಿತು. ರಾಜನಿಗಾಗಿ ಮಾಡಿದರೆ ನೌಕರಿ. ಸಿವಿಲ್ ಸರ್ವಿಸ್, ಮಿಲಿಟರಿ ಸರ್ವಿಸ್ ಎಲ್ಲ ಈ ಸಾಲಿನವು. ದೇವರಿಗಾಗಿ ಮಾಡಿದರೆ ಆರಾಧನೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಪರಂಪರೆಯ ಚರ್ಚುಗಳಲ್ಲಿ ಭಾನುವಾರ ನಡೆಯುವುದು ‘ಸರ್ವಿಸ್’. ಕೆಥೊಲಿಕರು ಅದನ್ನೇ ಪೂಜೆ ಅನ್ನುತ್ತಾರೆ.

ನನಗೆ ತುಂಬ ಇಷ್ಟವಾದದ್ದು ಬಸ್ಸಿನ ಸರ್ವಿಸ್. ಗೊತ್ತಾದ ಹೊತ್ತಿಗೆ, ಗೊತ್ತಾದ ದಾರಿಯಲ್ಲಿ ಎಲ್ಲರಿಗಾಗಿ ಓಡುವ ಏರ್ಪಾಡಿಗೂ ಇಂಗ್ಲಿಷಿನಲ್ಲಿ ಇದೇ ಹೆಸರು. ಮದುವೆ ದಿಬ್ಬಣಕ್ಕೆ ಬಾಡಿಗೆಗೆ ತಂದ ಬಸ್ಸು ಸರ್ವಿಸ್ ಬಸ್ಸಲ್ಲ. ಬ್ರಿಟನ್‌ನಲ್ಲೂ ಈ ಮಾತು ಇದೇ ಅರ್ಥದಲ್ಲಿದೆ. ನಾವು ಅದನ್ನು ಇನ್ನಷ್ಟು ಬಿಗಿ ಮಾಡಿಕೊಂಡಿದ್ದೇವೆ. ಊರೊಳಗೇ ಸುತ್ತುವುದು ಸಿಟಿ ಬಸ್ಸು, ಕೆಲವೇ ಕಡೆ ನಿಲ್ಲುವುದು ಎಕ್ಸ್‌ಪ್ರೆಸ್ಸು, ದಾರಿಯುದ್ದಕ್ಕೂ ಜನರನ್ನು ಹತ್ತಿಸಿ ಇಳಿಸುತ್ತಾ ಊರಿಂದೂರಿಗೆ ಹೋಗುವುದು ಸರ್ವಿಸ್ ಬಸ್ಸು. ಇದನ್ನು ತಪ್ಪು ಇಂಗ್ಲಿಷ್ ಅನ್ನುವುದು ಸರಿಯಲ್ಲ. ಜನರಿಗೆ ಬೇಕಾದ ವ್ಯತ್ಯಾಸವನ್ನು ಇದು ಒಂದೇ ಮಾತಿನಲ್ಲಿ ಹೇಳುತ್ತದೆ, ಅಲ್ವಾ?

ಮಳೆಗಾಲದಲ್ಲಿ ತೆಂಗಿನ ಮಡಲು ಬಿದ್ದು ತುಂಡಾಗುವ ‘ಸರ್ವಿಸ್ ವಯರ್’ ಇದೆಯಲ್ಲ, ಅದೂ ಇಂಥದ್ದೇ. ಕಂಬದಿಂದ ಮನೆಗೆ ಕರೆಂಟು ಪೂರೈಸುವ ವಯರ್ ಅದು.

ಬೈಕಿನ ವಿಷಯದಲ್ಲಿ ಕೆಲಸ ಮಾಡಿಸಿಕೊಳ್ಳುವುದು ಯಂತ್ರ. ಕೆಟ್ಟದ್ದನ್ನು ಸರಿ ಮಾಡಿದರೆ ರಿಪೇರಿ, ಕೆಡದಂತೆ ಮೊದಲೇ ನೋಡಿಕೊಂಡರೆ ಸರ್ವಿಸ್. ಆದರೆ ‘ವಾಟರ್ ಸರ್ವಿಸ್’ ಎಂಬ ಬೋರ್ಡು ನಮ್ಮ ಕಡೆಯದು. ಲಂಡನ್ನಿನವರಿಗೆ ಅದು ನಲ್ಲಿ ನೀರಿನ ಪೂರೈಕೆಯಂತೆ ಕೇಳಿಸೀತು. ಗಾಡಿ ತೊಳೆಯುವುದಕ್ಕೆ ಅಲ್ಲಿ ‘ಕಾರ್ ವಾಶ್’ ಅನ್ನುತ್ತಾರೆ.

ವಾಲಿಬಾಲ್ ಸರ್ವಿಸ್ ಮಕ್ಕಳಿಗೆ ಗೊತ್ತೇ ಇದೆ. ಕೋರ್ಟಿನ ನೋಟಿಸು ಕೈಗೆ ತಲುಪಿದರೆ ‘ಸರ್ವ್ ಆಯ್ತು’ ಅನ್ನುವುದೂ ಇದೇ ಪದ.

ಒಂದು ಕಡೆ ಮಾತ್ರ ಹುಷಾರಾಗಿರಬೇಕು. ಹೋಟೆಲ್ ಬಿಲ್ಲಿನ ‘ಸರ್ವಿಸ್ ಚಾರ್ಜ್’ ಸರ್ಕಾರದ ತೆರಿಗೆಯಲ್ಲ. 1994ರಲ್ಲಿ ಶುರುವಾದ ಸರ್ವಿಸ್ ಟ್ಯಾಕ್ಸ್ 2017ರ ಜುಲೈ 1ರಂದು ಜಿಎಸ್‌ಟಿಯೊಳಗೆ ಸೇರಿತು. ಸರ್ವಿಸ್ ಚಾರ್ಜ್ ಹೋಟೆಲಿನವರೇ ಹಾಕುವುದು. ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ.

ಮಕ್ಕಳಿಗೆ ಸುಮ್ನೆ ಹತ್ತು ಅರ್ಥ ಬಾಯಿಪಾಠ ಮಾಡಿಸಬೇಡಿ. ಯಾರು, ಯಾರಿಗಾಗಿ, ಏನು ಮಾಡುತ್ತಿದ್ದಾರೆ ಎಂದು ಕೇಳಿ. ಪಕ್ಕದ ಪದ ನೋಡಿದರೆ ಉತ್ತರ ಸಿಗುತ್ತದೆ. ಇದಕ್ಕೆ ಬಗ್ಗದ್ದು ‘ಸರ್ವಿಸ್ ಟ್ರೀ’ ಎಂಬ ಯುರೋಪಿನ ಹಣ್ಣಿನ ಮರ. ಅದರ ಬೇರು ‘ಸೋರ್ಬುಸ್’ ಎಂಬ ಬೇರೆಯೇ ಲ್ಯಾಟಿನ್ ಪದ.