ಮೊದಲ ಸಲ ಕಿಲ್ಟ್ ಉಡ್ತೀರಾ? ಮೊದಲು ಸೊಂಟ ಎಲ್ಲಿದೆ ನೋಡ್ಕೊಳ್ಳಿ

ಓದುಗರ ಪ್ರಶ್ನೆ: ಆಫೀಸಿನ ಗೆಳೆಯನ ಮದುವೆ ಸ್ಕಾಟ್ಲೆಂಡಿನ ಸ್ಟರ್ಲಿಂಗ್‌ನಲ್ಲಿದೆ. ಗಂಡಿನ ಕಡೆಯ ಗಂಡಸರೆಲ್ಲ ಕಿಲ್ಟ್, ಅದೇ ಅಲ್ಲಿನ ಮಂಡಿವರೆಗಿನ ಚೌಕಳಿ ಉಡುಪು, ಉಡ್ತಾರಂತೆ, ನೀನೂ ಉಡು ಅಂತಿದ್ದಾನೆ. ನಾನು ಹಾಸನದ ಕಡೆಯವನು, ಪಂಚೆ ಬಿಟ್ಟು ಬೇರೇನೂ ಉಟ್ಟವನಲ್ಲ. ನಾನು ಉಟ್ಟರೆ ಅಲ್ಲಿನವರಿಗೆ ಬೇಜಾರಾಗಲ್ವಾ? ಜಾರದ ಹಾಗೆ, ಎಡವಟ್ಟಾಗದ ಹಾಗೆ ಉಡೋದು ಹೇಗೆ?

ಬೇಜಾರಾಗುವುದಿಲ್ಲ. ಧಾರಾಳವಾಗಿ ಉಡಿ. ನಮ್ಮ ಮನೆ ಮದುವೆಗೆ ಬಂದ ಪರದೇಶದ ಗೆಳೆಯ ಪಂಚೆ ಉಟ್ಟು ಶಲ್ಯ ಹಾಕಿಕೊಂಡು ಪಂಕ್ತಿಯಲ್ಲಿ ಊಟಕ್ಕೆ ಕೂತರೆ ಮನೆಯ ಹಿರಿಯರು ಎಷ್ಟು ಸಂಭ್ರಮ ಪಡುತ್ತಾರೆ, ಅಲ್ವಾ? ಅಲ್ಲೂ ಹಾಗೇ. ಮದುಮಗನೇ ಬಾಯಿ ಬಿಟ್ಟು ಹೇಳಿದ್ದಾನೆ ಅಂದಮೇಲೆ ಸಂಕೋಚ ಬೇಡ.

ನಿಮ್ಮ ಪ್ರಶ್ನೆಯಲ್ಲಿ ಒಂದು ಮಾತು ನನಗೆ ತುಂಬ ಇಷ್ಟವಾಯಿತು. ಕಿಲ್ಟ್ "ಹಾಕಿಕೊಳ್ಳೋದು" ಅನ್ನಲಿಲ್ಲ, "ಉಡೋದು" ಅಂದಿರಿ. ನಾವು ಪ್ಯಾಂಟ್ ಹಾಕಿಕೊಳ್ಳುತ್ತೇವೆ, ಅಂಗಿ ತೊಡುತ್ತೇವೆ, ಪಂಚೆ ಸೀರೆ ಉಡುತ್ತೇವೆ. ಕಿಲ್ಟ್‌ಗೆ ಹೊಲಿದ ನೆರಿಗೆ ಇರುತ್ತದೆ, ಬಕಲ್ ಇರುತ್ತದೆ, ಆದರೂ ಅದು ಉಡುವ ಬಟ್ಟೆಯೇ. ಸುತ್ತಿ, ಸೊಂಟದ ಮೇಲೆ ನಿಲ್ಲಿಸುವಂಥದ್ದು. ಮೊದಲ ಸಲ ಉಡುವವರ ಕಷ್ಟಗಳಲ್ಲಿ ಮುಕ್ಕಾಲು ಪಾಲು ಬರುವುದು ಇದನ್ನು ಪ್ಯಾಂಟಿನ ಹಾಗೆ ನೋಡುವುದರಿಂದ.

ನನಗೂ ಅದೇ ಆಗಿತ್ತು. ಎಡಿನ್‌ಬರೊದಲ್ಲಿದ್ದಾಗ ಮೊದಲ ಸಲ ಒಂದು ಬಾಡಿಗೆ ಅಂಗಡಿಗೆ ಫೋನ್ ಮಾಡಿದೆ. ಸೊಂಟದ ಅಳತೆ ಕೇಳಿದರು, ನನ್ನ ಪ್ಯಾಂಟಿನ ಸೈಜ್ 34 ಅಂತ ಹೇಳಿಬಿಟ್ಟೆ. ಕಿಲ್ಟ್ ಬಂತು, ಹೊಕ್ಕುಳದ ಹತ್ತಿರ ಸುತ್ತಿದರೆ ಪಟ್ಟಿಯ ಕೊನೆಯ ತೂತೂ ಬಕಲ್‌ಗೆ ಸಿಗಲಿಲ್ಲ. ಸರಿ ಅಂತ ಪ್ಯಾಂಟ್ ನಿಲ್ಲುವ ಜಾಗಕ್ಕೆ ಇಳಿಸಿ ಕಟ್ಟಿದೆ. ಅಂಚು ಮಂಡಿಯ ಕೆಳಗೆ ಬಂತು, ಹಿಂದಿನ ನೆರಿಗೆಗಳು ಬಾಯಿ ಬಿಟ್ಟುಕೊಂಡವು, ಮುಂಭಾಗ ಒಂದು ಕಡೆಗೆ ತಿರುಗುತ್ತಲೇ ಇತ್ತು. ಆಮೇಲೆ ಟೇಪ್ ಹಿಡಿದು ನೋಡಿದರೆ ಹೊಕ್ಕುಳದ ಮಟ್ಟದಲ್ಲಿ ನನ್ನ ಸುತ್ತಳತೆ ಮೂವತ್ತೇಳೂವರೆ ಇಂಚು! ಪ್ಯಾಂಟ್ ನಿಲ್ಲುವುದು ಸೊಂಟದ ಮೂಳೆಯ ಮೇಲೆ. ಕಿಲ್ಟ್ ನಿಲ್ಲುವುದು ಅದಕ್ಕಿಂತ ಮೇಲೆ, ಹೊಕ್ಕುಳದ ಮಟ್ಟದಲ್ಲಿ, ಅಜ್ಜಂದಿರು ಪಂಚೆ ಕಟ್ಟುತ್ತಿದ್ದ ಜಾಗದಲ್ಲಿ.

ಅದಕ್ಕೇ ಅಳತೆ ಹೊಸದಾಗಿ ತಗೊಳ್ಳಿ. ಶೂ ಬಿಚ್ಚಿ, ತೆಳು ಅಂಗಿಯಲ್ಲಿ ನೇರ ನಿಲ್ಲಿ. ಟೇಪ್ ಹಿಡಿಯುವುದು ನೀವಲ್ಲ, ಮನೆಯವರು ಯಾರಾದರೂ ಹಿಡಿಯಲಿ, ನೀವೇ ಬಗ್ಗಿ ನೋಡಿದರೆ ಉದ್ದದ ಅಳತೆ ತಪ್ಪಿಹೋಗುತ್ತದೆ. ಹೊಕ್ಕುಳದ ಮಟ್ಟದಲ್ಲಿ ಒಂದು ಸುತ್ತಳತೆ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಮದುವೆ ಊಟ ಆದ ಮೇಲೂ ಅದರಲ್ಲೇ ಇರಬೇಕು. ಹಿಂಭಾಗ ಅತಿ ಅಗಲ ಇರುವ ಕಡೆ ಇನ್ನೊಂದು ಸುತ್ತಳತೆ. ಕೊನೆಗೆ ಹೊಕ್ಕುಳದ ಮಟ್ಟದಿಂದ ಮಂಡಿಚಿಪ್ಪಿನ ನಡುವಿನವರೆಗೆ ಉದ್ದ. ಅಂಗಡಿಗೆ ಈ ಮೂರನ್ನು ಬರೆದು ಕಳಿಸಿ. ಕಿಲ್ಟ್ ಕೈಗೆ ಬಂದಾಗ ಉಟ್ಟು ಮಂಡಿಯೂರಿ ಕೂರಿ. ಅಂಚು ನೆಲಕ್ಕೆ ತಾಗಿಯೂ ತಾಗದ ಹಾಗಿರಬೇಕು, ಒಂದು ಇಂಚು ಮೇಲಿದ್ದರೂ ಪರವಾಗಿಲ್ಲ. ನೆಲದ ಮೇಲೆ ಮಡಚಿ ಬಿದ್ದರೆ ಒಂದೋ ಉದ್ದ ಜಾಸ್ತಿ, ಇಲ್ಲ ನೀವು ಕೆಳಗೆ ಕಟ್ಟಿದ್ದೀರಿ.

ಇನ್ನು ಟಾರ್ಟನ್ ವಿಷಯ. ಟಾರ್ಟನ್ ಅಂದರೆ ಆ ಚೌಕಳಿ. ಒಂದೊಂದು ಕ್ಲ್ಯಾನ್‌ಗೆ, ಅಂದರೆ ಅಲ್ಲಿನ ಕುಲಕ್ಕೆ, ಒಂದೊಂದು ಚೌಕಳಿ ಇರುವಾಗ ನನಗೆ ಯಾವುದು ಅಂತ ತುಂಬ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಬೇಡ. ಬ್ಲ್ಯಾಕ್ ವಾಚ್ ಅನ್ನುವ ಕಡು ನೀಲಿ-ಹಸಿರಿನದು, ರಾಯಲ್ ಸ್ಟುವರ್ಟ್ ಅನ್ನುವ ಕೆಂಪಿನದು, ಇವನ್ನು ಯಾರು ಬೇಕಾದರೂ ಉಡುತ್ತಾರೆ. ಕುಲಕ್ಕೊಂದು ಟಾರ್ಟನ್ ಅನ್ನುವ ಕಟ್ಟುನಿಟ್ಟೂ ತೀರಾ ಹಳೆಯದಲ್ಲ. 1815ರಲ್ಲಿ ಲಂಡನ್ನಿನ ಹೈಲ್ಯಾಂಡ್ ಸೊಸೈಟಿ (ಹೈಲ್ಯಾಂಡ್ ಅಂದರೆ ಸ್ಕಾಟ್ಲೆಂಡಿನ ಬೆಟ್ಟಸೀಮೆ) ಕುಲದ ಮುಖ್ಯಸ್ಥರಿಗೆ ಪತ್ರ ಬರೆದು ನಿಮ್ಮ ಟಾರ್ಟನ್ನಿನ ತುಣುಕು ಕಳಿಸಿ ಅಂತ ಕೇಳಿಕೊಂಡಿತ್ತು. ಬಾಲ್ಮೊರಲ್ ಟಾರ್ಟನ್ ಮಾತ್ರ ರಾಜಮನೆತನಕ್ಕೆ ಮೀಸಲು, ಅದು ನಿಮಗೆ ಬಾಡಿಗೆಗೆ ಸಿಗುವುದೂ ಇಲ್ಲ. ಅಲ್ಲಿ ನೆಲೆಸಿದ ಸಿಖ್ಖರಿಗಾಗಿ ಸಿಂಗ್ ಟಾರ್ಟನ್ ಅಂತಲೇ ಒಂದು ಇದೆ. ಮದುಮಗ ಮತ್ತು ಅವನ ಜೊತೆ ನಿಲ್ಲುವವರು ಯಾವುದು ಉಡುತ್ತಾರೆ ಅಂತ ಮಾತ್ರ ಮೊದಲೇ ಕೇಳಿ. ಅವನೇ ಇದನ್ನು ಉಡು ಅಂದರೆ ಸರಿ, ಇಲ್ಲದಿದ್ದರೆ ಬೇರೆಯದು ತಗೊಳ್ಳಿ.

ಒಂದು ಮಾತು ಮಾತ್ರ ನೆನಪಿರಲಿ, ತಮಾಷೆಗೂ ಕಿಲ್ಟನ್ನು ಲಂಗ ಅನ್ನಬೇಡಿ. ಕಲೋಡನ್ ಯುದ್ಧದಲ್ಲಿ ಹೈಲ್ಯಾಂಡಿನವರ ದಂಗೆ ಸೋತ ಮೇಲೆ, 1746ರಲ್ಲಿ, ಬ್ರಿಟಿಷ್ ಸರ್ಕಾರ ಈ ಉಡುಪನ್ನೇ ನಿಷೇಧಿಸಿತು. ಉಟ್ಟು ಸಿಕ್ಕಿಬಿದ್ದರೆ ಆರು ತಿಂಗಳು ಜೈಲು, ಎರಡನೇ ಸಲ ಸಿಕ್ಕರೆ ಏಳು ವರ್ಷ ಸಮುದ್ರದಾಚೆ ಗಡೀಪಾರು. ಸೈನ್ಯದಲ್ಲಿದ್ದವರಿಗೆ ಮಾತ್ರ ವಿನಾಯಿತಿ. 1782ರಲ್ಲಿ ಆ ಕಾನೂನು ಹೋಯಿತು. ಅದೇ ಹೊತ್ತಿಗೆ ಹೈಲ್ಯಾಂಡ್ ಪಡೆಯೊಂದರ ಅಧಿಕಾರಿ ಡೇವಿಡ್ ಬೇರ್ಡ್ ನಮ್ಮ ಶ್ರೀರಂಗಪಟ್ಟಣದಲ್ಲಿ ಹೈದರಾಲಿಯ ಸೆರೆಯಾಳಾಗಿದ್ದ. 1780ರ ಪೊಳ್ಳಿಲೂರು ಯುದ್ಧದಲ್ಲಿ ಸಿಕ್ಕಿಬಿದ್ದವನು, ಬಿಡುಗಡೆಯಾಗಿದ್ದು 1784ರಲ್ಲಿ. 1799ರಲ್ಲಿ ಅದೇ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಅವನೇ. ಶ್ರೀರಂಗಪಟ್ಟಣಕ್ಕೆ ಹೋದಾಗಲೆಲ್ಲ ನನಗೆ ಇದು ನೆನಪಾಗುತ್ತದೆ, ಅದಕ್ಕೆ ಹೇಳಿದೆ.

ಈಗ ಉಡುವುದಕ್ಕೆ ಬರೋಣ. ಮೊದಲು ಅಂಗಿ, ಕಾಲುಚೀಲ, ಶೂ. ಆಮೇಲೆ ಕಿಲ್ಟ್. ಈ ಕ್ರಮ ತಪ್ಪಿಸಬೇಡಿ. ಸೊಂಟಕ್ಕೆ ಬಿಗಿಯಾಗಿ ಸುತ್ತಿದ ದಪ್ಪ ಉಣ್ಣೆಯಲ್ಲಿ ಬಗ್ಗಿ ಶೂ ಲೇಸ್ ಕಟ್ಟುವುದು ಕಷ್ಟ, ನೆರಿಗೆಯೂ ಕೆಡುತ್ತದೆ. ಪೂರ್ತಿ ಕಿಲ್ಟ್‌ಗೆ 8 ಗಜ ಬಟ್ಟೆ ಹೋಗುತ್ತದೆ, ನಮ್ಮ ಲೆಕ್ಕದಲ್ಲಿ 16 ಮೊಳ. ಅಜ್ಜಿಯರ 18 ಮೊಳದ ಕಚ್ಚೆ ಸೀರೆಗೆ ಎರಡೇ ಮೊಳ ಕಮ್ಮಿ! ದಪ್ಪ ಉಣ್ಣೆಯದಾದರೆ ತೂಕ ಎರಡು ಕೆಜಿ ಹತ್ತಿರ ಬರುತ್ತದೆ. ಈ ತೂಕಕ್ಕೆ ಹೆದರಬೇಡಿ, ಗಾಳಿ ಬೀಸಿದಾಗ ಕಾಪಾಡುವುದು ಅದೇ. ಹೊಸದಾಗಿ ಹೊಲಿಸಿದ್ದಾದರೆ ನೆರಿಗೆಗಳ ಮೇಲೆ ಅಡ್ಡಡ್ಡ ಬಿಳಿ ದಾರದ ಕಚ್ಚಾ ಹೊಲಿಗೆ ಇರಬಹುದು. ಅದು ನೆರಿಗೆ ಕೂರಲಿ ಅಂತ ಹಾಕಿದ್ದು, ಉಡುವ ಮೊದಲು ಬಿಚ್ಚಬೇಕು.

ಕಿಲ್ಟ್‌ಗೆ ಹಿಂದೆ ನೆರಿಗೆ, ಮುಂದೆ ನೆರಿಗೆಯಿಲ್ಲದ ಎರಡು ಪದರ. ಆ ಪದರಗಳಿಗೆ ಏಪ್ರನ್ ಅನ್ನುತ್ತಾರೆ. ನಮ್ಮ ಸೀರೆಗೆ ನೆರಿಗೆ ಮುಂದೆ, ಇಲ್ಲಿ ಅದು ಬೆನ್ನ ಕಡೆ ಹೋಗಬೇಕು. ಹಿಂದಿನಿಂದ ಸುತ್ತಿ ತಂದು ಎರಡು ಕೈಯಲ್ಲಿ ಎರಡು ತುದಿ ಹಿಡಿಯಿರಿ. ಬಲಗೈಯಲ್ಲಿರುವುದು ಒಳ ಏಪ್ರನ್, ಅದನ್ನು ಹೊಟ್ಟೆಯ ಮೇಲಿಂದ ಎಡಕ್ಕೆ ತನ್ನಿ. ಅದರ ತುದಿಯಲ್ಲಿ ಚರ್ಮದ ಪಟ್ಟಿ ಇದೆ, ಎಡ ಸೊಂಟದ ಹತ್ತಿರ ದೊಡ್ಡ ಕಾಜಾದಂಥ ಒಂದು ಸೀಳು ಇದೆ. ಪಟ್ಟಿಯನ್ನು ಅದರೊಳಗಿಂದ ಹೊರಗೆ ತೂರಿಸಿ ಬಕಲ್ ಹಾಕಿ. ಮೊದಲ ಸಲ ಈ ಸೀಳು ಕಣ್ಣಿಗೇ ಬೀಳುವುದಿಲ್ಲ, ಬೆರಳಲ್ಲಿ ತಡವಿ ಹುಡುಕಬೇಕು. ಆಮೇಲೆ ಎಡಗೈಯ ಹೊರ ಏಪ್ರನ್ ಬಲಕ್ಕೆ ತಂದು ಬಲ ಸೊಂಟದಲ್ಲಿ ಬಕಲ್ ಹಾಕಿ. ಕುಚ್ಚು ಬಿಟ್ಟ ಅಂಚು ನಿಮ್ಮ ಬಲಗಡೆಗೆ ಬಂದರೆ ಸರಿಯಾಗಿ ಉಟ್ಟಿದ್ದೀರಿ ಅಂತ. ಬಲಗಡೆ ಸ್ವಲ್ಪ ಕೆಳಗೆ ಮೂರನೇ ಬಕಲ್ ಇದ್ದರೆ ಅದನ್ನು ಸಡಿಲ ಬಿಡಿ, ಬಿಗಿದರೆ ಮುಂಭಾಗ ಸುಕ್ಕಾಗುತ್ತದೆ.

ಕನ್ನಡಿ ಮುಂದೆ ನಿಲ್ಲಿ. ಹೊರ ಏಪ್ರನ್ನಿನ ನಡುವೆ ಚೌಕಳಿಯ ಒಂದು ಮುಖ್ಯ ಗೆರೆ ನೇರ ಕೆಳಗಿಳಿಯುತ್ತದೆ. ಮೂಗು, ಹೊಕ್ಕುಳ, ಆ ಗೆರೆ ಒಂದೇ ಸಾಲಿನಲ್ಲಿರಬೇಕು. ಗೆರೆ ಪಕ್ಕಕ್ಕೆ ಹೋಗಿದ್ದರೆ ಒಂದು ಕಡೆ ಒಂದು ತೂತು ಸಡಿಲ ಮಾಡಿ, ಇನ್ನೊಂದು ಕಡೆ ಒಂದು ತೂತು ಬಿಗಿ ಮಾಡಿ. ಆಮೇಲೆ ಬೆನ್ನು ತಿರುಗಿಸಿ ನೋಡಿ. ಒಳ್ಳೆಯ ಕಿಲ್ಟ್ ಆದರೆ ಅಷ್ಟು ನೆರಿಗೆ ಹಿಡಿದರೂ ಚೌಕಳಿ ಎಲ್ಲೂ ಮುರಿಯದ ಹಾಗೆ ಒಂದೊಂದು ನೆರಿಗೆಯ ಅಂಚನ್ನೂ ಗೆರೆಗೆ ಗೆರೆ ಕೂಡಿಸಿ ಕೈಯಲ್ಲೇ ಹೊಲಿದಿರುತ್ತಾರೆ, ನಿಂತಾಗ ಹಿಂದೆ ಮುಂದೆ ಒಂದೇ ಬಟ್ಟೆ ಅನ್ನಿಸುತ್ತದೆ, ನಡೆದಾಗ ನೆರಿಗೆ ಬಿಚ್ಚಿಕೊಂಡು ಒಳಗಿನ ಬಣ್ಣ ಒಮ್ಮೆ ಕಂಡು ಮತ್ತೆ ಮುಚ್ಚಿಕೊಳ್ಳುತ್ತದೆ. ಅಷ್ಟು ಚೆಂದದ ಕೈಕೆಲಸ ಅದು.

ಕಿಲ್ಟ್ ಪಿನ್ ಅಂತ ಒಂದು ಕೊಡುತ್ತಾರೆ. ಅದು ಹೊರ ಏಪ್ರನ್ನಿನ ಬಲಗಡೆ ಕೆಳಮೂಲೆಗೆ. ಎರಡು ಪದರವನ್ನೂ ಸೇರಿಸಿ ಚುಚ್ಚಬೇಡಿ. ಸೆರಗಿಗೆ ಪಿನ್ ಹಾಕುವ ನಮ್ಮ ಅಭ್ಯಾಸ ಹಾಗೆ ಮಾಡಿಸಿಬಿಡುತ್ತದೆ. ಹಾಗೆ ಚುಚ್ಚಿದರೆ ಕೂತು ಏಳುವಾಗ ಬಟ್ಟೆ ಹರಿಯುತ್ತದೆ. ಪಿನ್ ಇರುವುದು ಮೇಲಿನ ಪದರಕ್ಕೆ ಒಂದಿಷ್ಟು ಭಾರ ಕೊಡುವುದಕ್ಕೆ.

ಕಿಲ್ಟ್‌ಗೆ ಜೇಬಿಲ್ಲ. ಅದರ ಕೆಲಸ ಮಾಡುವುದು ಸ್ಪಾರನ್, ಮುಂದೆ ಸರಪಳಿಯಲ್ಲಿ ತೂಗುವ ಚರ್ಮದ ಚೀಲ. ಸೊಂಟಪಟ್ಟಿಯ ಬಕಲ್‌ನಿಂದ ಒಂದು ಅಂಗೈ ಅಗಲ ಕೆಳಗೆ ಬಂದರೆ ಚೆನ್ನ. ತೀರಾ ಕೆಳಗೆ ಬಿಟ್ಟರೆ ಪ್ರತಿ ಹೆಜ್ಜೆಗೂ ಬಡಿಯುತ್ತದೆ. ಕಾರಲ್ಲಿ ಕೂರುವಾಗ, ಕುಣಿಯುವಾಗ ಅದನ್ನು ಎಡ ಸೊಂಟದ ಕಡೆಗೆ ಸರಿಸಿಕೊಳ್ಳಿ. ವೇಸ್ಟ್‌ಕೋಟ್ ಹಾಕಿದ್ದರೆ ಬೆಲ್ಟ್ ಬೇಡ. ಕೋಟು, ಟೈ ಎಲ್ಲ ಅಂಗಡಿಯವರೇ ಹೊಂದಿಸಿ ಕೊಡುತ್ತಾರೆ, ಅದರ ಚಿಂತೆ ಬಿಡಿ.

ಕಾಲುಚೀಲ ಮಂಡಿಚಿಪ್ಪಿನಿಂದ ಮೂರು ಬೆರಳು ಕೆಳಗೆ ಮಡಚಿ ನಿಲ್ಲಬೇಕು. ಅದನ್ನು ಜಾರದ ಹಾಗೆ ಹಿಡಿಯುವ ಪಟ್ಟಿಯ ಬಣ್ಣದ ತುದಿಗಳು ಕಾಲಿನ ಹೊರಬದಿಗೆ ಕಾಣಲಿ. ಗಿಲ್ಲಿ ಬ್ರೋಗ್ ಅನ್ನುವ ಶೂಗೆ ನಾಲಿಗೆ ಇರುವುದಿಲ್ಲ, ಲೇಸ್ ಮಾತ್ರ ಮಾರುದ್ದ. ಲೇಸನ್ನು ಮೂರು ನಾಲ್ಕು ಸಲ ಹೊಸೆದು, ಕಾಲಗಂಟಿನ ಸ್ವಲ್ಪ ಮೇಲೆ ಹಿಂದಿನಿಂದ ಒಂದು ಸುತ್ತು ತಂದು ಮುಂದೆ ಕಟ್ಟಿ. ಮೀನಖಂಡದವರೆಗೂ ಸುತ್ತಿಕೊಂಡು ಹೋದರೆ ಹತ್ತು ನಿಮಿಷಕ್ಕೆ ಜಾರಿ ಕೆಳಗೆ ಬರುತ್ತದೆ. ಅದು ಕಿರಿಕಿರಿ ಅನ್ನಿಸಿದರೆ ಸಾದಾ ಕಪ್ಪು ಶೂ ಹಾಕಿ, ಯಾರೂ ಏನೂ ಅನ್ನುವುದಿಲ್ಲ.

ಬಲಗಾಲಿನ ಕಾಲುಚೀಲದಲ್ಲಿ ಹಿಡಿ ಮಾತ್ರ ಕಾಣುವ ಹಾಗೆ ಸಿಕ್ಕಿಸುವ ಪುಟ್ಟ ಚೂರಿಗೆ ಸ್ಕೀನ್ ಡೂ ಅನ್ನುತ್ತಾರೆ, ಗೇಲಿಕ್ ಭಾಷೆಯಲ್ಲಿ ಕರಿ ಚೂರಿ ಅಂತ ಅರ್ಥ. ಸಾಂಪ್ರದಾಯಿಕ ಉಡುಪಿನ ಭಾಗವಾಗಿ ಇಟ್ಟುಕೊಳ್ಳಲು ಸ್ಕಾಟ್ಲೆಂಡಿನ ಕಾನೂನು ಅವಕಾಶ ಕೊಡುತ್ತದೆ. ಆದರೆ ನೆನಪಿಗೆ ಅಂತ ಒಂದು ಕೊಂಡರೆ ವಿಮಾನದಲ್ಲಿ ಕೈಚೀಲದಲ್ಲಿ ಇಡಲೇಬೇಡಿ, ಚೆಕ್-ಇನ್ ಬ್ಯಾಗಿಗೆ ಹಾಕಿ.

ನೀವು ಕೇಳಲು ಹಿಂಜರಿದ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ಒಳಉಡುಪು ಹಾಕಿಕೊಳ್ಳಿ. ಹಾಕಬಾರದು ಅಂತ ಅಲ್ಲಿನವರೇ ನಗುತ್ತಾ ಹೇಳುತ್ತಾರೆ, ನಂಬಬೇಡಿ. ಬಾಡಿಗೆ ಕಿಲ್ಟನ್ನು ನಿಮಗಿಂತ ಮೊದಲು ಎಷ್ಟೋ ಜನ ಉಟ್ಟಿರುತ್ತಾರೆ, ನಿಮ್ಮ ನಂತರವೂ ಉಡುತ್ತಾರೆ. ಮೇಲಾಗಿ ಒರಟು ಉಣ್ಣೆ ಇಡೀ ದಿನ ಚರ್ಮಕ್ಕೆ ಉಜ್ಜಿದರೆ ಹಿತವಾಗಿರುವುದಿಲ್ಲ. ಕಡು ಬಣ್ಣದ, ಮೈಗೆ ಅಂಟಿಕೊಳ್ಳುವ ಶಾರ್ಟ್ಸ್ ಒಳ್ಳೆಯದು.

ಕೂರುವಾಗ ಪಂಚೆಯ ಅಭ್ಯಾಸ ನಿಮಗೆ ಅರ್ಧ ಮಾತ್ರ ಸಹಾಯಕ್ಕೆ ಬರುತ್ತದೆ. ಪಂಚೆಯಲ್ಲಿ ನಾವು ಮುಂದಿನದನ್ನು ಸರಿಮಾಡಿಕೊಳ್ಳುತ್ತೇವೆ, ಇಲ್ಲಿ ಹಿಂದಿನದನ್ನೂ ನೋಡಬೇಕು. ಅಂಗೈಯಿಂದ ಹಿಂದಿನ ನೆರಿಗೆಯನ್ನು ಕೆಳಮುಖವಾಗಿ ಸವರಿಕೊಂಡೇ ಕೂರಿ, ಇಲ್ಲದಿದ್ದರೆ ನೆರಿಗೆ ಮಡಚಿ ಸುಕ್ಕಾಗುತ್ತದೆ, ಎದ್ದಾಗ ಹಿಂದೆ ಎತ್ತಿಕೊಂಡಿರುತ್ತದೆ. ಮಂಡಿ ಹತ್ತಿರ ಇರಲಿ, ಮುಂದಿನ ಬಟ್ಟೆ ತೊಡೆಗಳ ನಡುವೆ ಇಳಿಯಲಿ. ಫೋಟೋಗೆ ಮುಂದಿನ ಸಾಲಿನಲ್ಲಿ ಕೂರಿಸಿದರೆ ಇದು ಜಾಸ್ತಿ ಮುಖ್ಯ. ಮತ್ತೆ, ಪಂಚೆ ಎತ್ತಿ ಕಟ್ಟುವ ಹಾಗೆ ಇದನ್ನು ಎತ್ತಿ ಕಟ್ಟೋಕೆ ಆಗಲ್ಲ, ಕೈ ತಾನಾಗಿ ಹೋಗುತ್ತದೆ, ತಡೆದುಕೊಳ್ಳಿ.

ರಾತ್ರಿ ಕೇಲಿ ಇರುತ್ತದೆ, ಅಂದರೆ ಎಲ್ಲರೂ ಸೇರಿ ಕುಣಿಯುವುದು. ಸ್ಟ್ರಿಪ್ ದಿ ವಿಲೋ ಅನ್ನುವ ಕುಣಿತದಲ್ಲಿ ಸಾಲಿನ ಉದ್ದಕ್ಕೂ ಒಬ್ಬರಿಂದ ಒಬ್ಬರ ತೋಳು ಹಿಡಿದು ಗಿರಗಿರ ತಿರುಗಿಸುತ್ತಾರೆ. ಬರಲ್ಲ ಅಂತ ಮೂಲೆಯಲ್ಲಿ ನಿಲ್ಲಬೇಡಿ, ಹೆಜ್ಜೆ ಹೇಳಿಕೊಡುವವರು ಇರುತ್ತಾರೆ. ಅಷ್ಟು ನೆರಿಗೆಯ ತೂಕ ನಿಮ್ಮ ಜೊತೆ ತಿರುಗುವಾಗ ಆ ಬಟ್ಟೆ ಯಾಕೆ ಹಾಗಿದೆ ಅಂತ ಮೈಗೇ ಗೊತ್ತಾಗುತ್ತದೆ. ಉಣ್ಣೆಯಲ್ಲಿ ಸೆಕೆ ಜೋರು, ನೀರು ಕುಡೀತಾ ಇರಿ.

ರೂಮಿಗೆ ಬಂದು ಮುದ್ದೆ ಮಾಡಿ ಕುರ್ಚಿಗೆ ಎಸೆಯಬೇಡಿ. ಬೆವರು ಆರಲಿ, ಕ್ಲಿಪ್ ಇರುವ ಹ್ಯಾಂಗರಿಗೆ ಸೊಂಟದ ಕಡೆಯಿಂದ ನೇತುಹಾಕಿ. ಬಾಡಿಗೆಯದನ್ನು ಸಾಮಾನ್ಯವಾಗಿ ಮರುದಿನವೋ ಅದರ ಮರುದಿನವೋ ವಾಪಸ್ ಕೊಡಬೇಕಿರುತ್ತದೆ. ಒಗೆಯುವುದಕ್ಕೆ ಹೋಗಬೇಡಿ, ಅದು ಅವರ ಕೆಲಸ. ಕೊಡುವ ಮೊದಲು ಪಿನ್, ಚೂರಿ, ಕಾಲುಚೀಲದ ಪಟ್ಟಿ ಎಲ್ಲ ಇದೆಯಾ ಎಣಿಸಿ, ಸ್ಪಾರನ್ ಒಳಗೆ ಒಮ್ಮೆ ಕೈ ಹಾಕಿ ನೋಡಿ. ರೂಮಿನ ಕೀ ಅಲ್ಲೇ ಇರುತ್ತದೆ.